ಮೊದಲು ಕುರ್ಚಿ, ಆಮೇಲೆ ಸ್ಕ್ಯಾನ್

ನಾನು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಫಿಸಿಯೋಥೆರಪಿಸ್ಟ್. ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಬರುವವರು ಮೊದಲು ಕೇಳುವುದು, "ಮಸಲ್ ನೋಡೋಕೆ ಯಾವ ಸ್ಕ್ಯಾನ್ ಮಾಡಿಸಬೇಕು?" ಅಂತ. ಸ್ಕ್ಯಾನ್ ಇರಲಿ, ಮೊದಲು ಕುರ್ಚಿ ಮೇಲೆ ಕೂತ್ಕೊಳ್ಳಿ ಅನ್ನುತ್ತೇನೆ.

ಕೈ ಇಲ್ಲದ ಗಟ್ಟಿ ಕುರ್ಚಿ, ಬೆನ್ನು ಗೋಡೆಗೆ ತಾಗುವಂತೆ ಇಟ್ಟಿರಬೇಕು. ಎರಡೂ ಕೈ ಎದೆ ಮೇಲೆ ಕಟ್ಟಿಕೊಂಡು ಐದು ಸಲ ಎದ್ದು ಕೂರಬೇಕು. 2019ರ ಏಷ್ಯಾದ ತಜ್ಞರ ಮಾರ್ಗಸೂಚಿ ಪ್ರಕಾರ ಇದಕ್ಕೆ 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಸ್ನಾಯು ಸೊರಗಿರಬಹುದು. ನನಗೆ ಸೆಕೆಂಡಿಗಿಂತ ಮುಖ್ಯ ಅವರು ಹೇಗೆ ಕೂರುತ್ತಾರೆ ಅನ್ನೋದು. ಮೂರನೇ ಸಲಕ್ಕೇ ದೊಪ್ಪನೆ ಬಿದ್ದ ಹಾಗೆ ಕೂತರೆ, ದೇಹವನ್ನು ನಿಧಾನ ಇಳಿಸುವ ಶಕ್ತಿ ತೊಡೆಗೆ ಸಾಲುತ್ತಿಲ್ಲ. ಮೆಟ್ಟಿಲು ಇಳಿಯುವಾಗ ಬೀಳುವ ಭಯ ಇರುವುದೂ ಇಂಥವರಿಗೇ.

ಮಾಟುಂಗಾದ ಹೋಟೆಲಿನಲ್ಲಿ ಆಯಸ್ಸೆಲ್ಲಾ ಅಡುಗೆ ಮಾಡಿದ ಉಡುಪಿ ಕಡೆಯ ಹಿರಿಯರೊಬ್ಬರು ಬಂದಿದ್ದರು. ಕೈಹಿಡಿತ ಅಳೆಯುವ ಡೈನಮೋಮೀಟರ್ ಕೊಟ್ಟರೆ 34 ಕಿಲೋ ಒತ್ತಿದರು. ಗಂಡಸರಿಗೆ 28, ಹೆಂಗಸರಿಗೆ 18ಕ್ಕಿಂತ ಕಮ್ಮಿಯಾದರೆ ಮಾತ್ರ ಚಿಂತೆ. ಮಗ ಖುಷಿಯಾದ. ಅವರೂ "ತೂಕ ಅಷ್ಟೇ ಉಂಟು, ಮತ್ತೆಂತ ತೊಂದರೆ?" ಅಂದರು. ಕುರ್ಚಿ ಪರೀಕ್ಷೆಗೆ 17 ಸೆಕೆಂಡ್ ಹಿಡಿಯಿತು. ದೊಡ್ಡ ಪಾತ್ರೆ ಎತ್ತಿ ಪಳಗಿದ ಕೈ, ಕೆಲಸ ಬಿಟ್ಟ ಮೇಲೆ ಸೋಫಾ ಹಿಡಿದ ಕಾಲು. ಸ್ನಾಯು ಕರಗಿದ ಜಾಗವನ್ನು ಕೊಬ್ಬು ತುಂಬಿದರೆ ತೂಕದ ಕಾಟಾಗೆ ಗೊತ್ತೇ ಆಗಲ್ಲ. ಕೈಹಿಡಿತ ಒಳ್ಳೆಯ ಪರೀಕ್ಷೆ, ಆದರೆ ಅದೊಂದನ್ನೇ ನಂಬಿ ಕಾಲು ನೋಡದೆ ಕಳಿಸಬಾರದು.

ಮೀನಖಂಡದ ಸುತ್ತಳತೆಗೆ ಟೇಪ್ ಸಾಕು. ಗಂಡಸರಿಗೆ 34, ಹೆಂಗಸರಿಗೆ 33 ಸೆಂಟಿಮೀಟರಿಗಿಂತ ಕಮ್ಮಿ ಇದ್ದರೆ ಮುಂದಿನ ಪರೀಕ್ಷೆ ಬೇಕು. ಟೇಪ್ ಸುತ್ತುವ ಮೊದಲು ಮೊಣಕಾಲ ಕೆಳಗಿನ ಮೂಳೆ ಮೇಲೆ ಹೆಬ್ಬೆರಳಿಂದ ಒತ್ತಿ ಹಿಡಿಯಿರಿ. ಬೆರಳು ತೆಗೆದಾಗ ಗುಳಿ ಉಳಿದರೆ ಅದು ನೀರು. ಕಿಡ್ನಿ, ಹೃದಯದ ತೊಂದರೆ ಇರುವವರಲ್ಲಿ ಇದು ಸಾಮಾನ್ಯ. ಟೇಪ್ ಆ ಬಾವನ್ನೂ ಸ್ನಾಯು ಅಂತಲೇ ಲೆಕ್ಕ ಹಾಕುತ್ತದೆ.

ಜಿಮ್‌ಗಳಲ್ಲಿ ಇರುವ, ಬರಿಗಾಲಲ್ಲಿ ನಿಂತರೆ ಚೀಟಿ ಕೊಡುವ ಯಂತ್ರದ ಕಥೆಯೂ ಇದೇ. ಅದು ಸಣ್ಣ ಕರೆಂಟ್ ಹರಿಸಿ ದೇಹದ ನೀರಿನ ಮೂಲಕ ಸ್ನಾಯುವನ್ನು ಅಂದಾಜು ಮಾಡುತ್ತದೆ. ಕಾಲು ಊದಿದ್ದ ಅಮ್ಮ ಒಬ್ಬರು "ಮಸಲ್ ಚೆನ್ನಾಗಿದೆ" ಅನ್ನುವ ಚೀಟಿ ಹಿಡಿದು ಬಂದಿದ್ದರು, ಕುರ್ಚಿಯಿಂದ ಏಳೋಕೆ ಮಗಳ ಕೈ ಬೇಕಿತ್ತು. ಪೇಸ್‌ಮೇಕರ್ ಇದ್ದವರು ಆ ಯಂತ್ರದ ಮೇಲೆ ನಿಲ್ಲಲೇಬೇಡಿ.

ಅಲ್ಟ್ರಾಸೌಂಡ್ ನನಗೆ ಇಷ್ಟ. ತೊಡೆ ಸ್ನಾಯು ಎಷ್ಟು ದಪ್ಪ ಇದೆ, ಒಳಗೆ ಕೊಬ್ಬು, ನಾರು ಸೇರಿ ಬಿಳಿಚಿದೆಯಾ ಅಂತ ತೋರಿಸುತ್ತದೆ. ಆದರೆ ಪ್ರೋಬ್ ಸ್ವಲ್ಪ ಒತ್ತಿದರೂ ಸ್ನಾಯು ಚಪ್ಪಟೆಯಾಗಿ ತೆಳ್ಳಗೆ ಕಾಣುತ್ತದೆ. ಜೆಲ್ ಧಾರಾಳ ಹಾಕಿ, ಚರ್ಮಕ್ಕೆ ಸುಮ್ನೆ ತಾಗಿಸಬೇಕು. ಎಕ್ಸ್‌ರೇಯಿಂದ ಮೂಳೆ, ಕೊಬ್ಬು, ಸ್ನಾಯು ಬೇರೆ ಬೇರೆ ಅಳೆಯುವ ಡೆಕ್ಸಾ ಸ್ಕ್ಯಾನ್, ಎಂಆರ್‌ಐ ಇನ್ನೂ ಖಚಿತ, ಖರ್ಚೂ ಜಾಸ್ತಿ.

ಆ ಉಡುಪಿಯವರಿಗೆ ಕಾಲಿಗೆ ತೂಕ ಕಟ್ಟಿ ವ್ಯಾಯಾಮ ಮಾಡಿಸಿದೆವು, ಊಟದಲ್ಲಿ ಬೇಳೆ, ಮೀನು ಹೆಚ್ಚಿಸಿದರು. ಸೆಕೆಂಡುಗಳು ಇಳಿಯುತ್ತಾ ಬಂದವು, ತೊಡೆಯ ಅಳತೆ ಮಾತ್ರ ಹಾಗೇ ಇತ್ತು. ಮಗನಿಗೆ ಅನುಮಾನ. ಶುರುವಿನ ವಾರಗಳಲ್ಲಿ ನರಗಳು ಇರುವ ಸ್ನಾಯುವನ್ನೇ ಚೆನ್ನಾಗಿ ದುಡಿಸುವುದನ್ನು ಕಲಿಯುತ್ತವೆ, ಗಾತ್ರ ಆಮೇಲೆ ಬರುತ್ತದೆ ಅಂತ ತಿಳಿಸಿದೆ.

ಮನೆಯಲ್ಲಿ ನೋಡುವುದಾದರೆ ಪ್ರತಿ ಸಲ ಅದೇ ಕುರ್ಚಿ ಬಳಸಿ. ಎತ್ತರ ಬದಲಾದರೆ ಲೆಕ್ಕ ತಾಳೆಯಾಗಲ್ಲ. ಪಕ್ಕದಲ್ಲಿ ಒಬ್ಬರು ನಿಂತಿರಲಿ. ಒಂದೇ ಕಡೆಯ ಕೈಕಾಲು ದಿಢೀರಂತ ಸೋತರೆ ಮಾತ್ರ ಕುರ್ಚಿ, ಟೇಪ್ ಯಾವುದೂ ಬೇಡ, ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.