ಒಂಬತ್ತರಿಂದ ಭಾಗಿಸಿ ನೋಡು

ನಮ್ಮ ಟೀಮಿಗೆ ಹೊಸಬರು ಯಾರೇ ಸೇರಲಿ, ಊಟದ ಹೊತ್ತಿಗೆ ಒಂದು ಪ್ರಶ್ನೆ ಬಂದೇ ಬರುತ್ತದೆ. ನೀವು ಕೋಡ್ ಬರೆಯೋಕೆ ಶುರು ಮಾಡಿದ್ದು ಯಾವಾಗ? ಒಬ್ಬ ಎಂಟನೇ ವಯಸ್ಸಿಗೇ ಗೇಮ್ ಬರೆದಿರುತ್ತಾನೆ. ಇನ್ನೊಬ್ಬನ ಅಪ್ಪನೇ ಇಂಜಿನಿಯರ್. ನನ್ನ ಸರದಿ ಬಂದಾಗ "ಕಾಲೇಜಿನಲ್ಲಿ" ಅಂದು ಸುಮ್ಮನಾಗುತ್ತೇನೆ. ಅದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ.

ನನ್ನಪ್ಪ ಲೆಕ್ಕ ಬರೆಯುವ ಗುಮಾಸ್ತರಾಗಿದ್ದರು. ವರ್ಷದ ಲೆಕ್ಕ ಮುಗಿಸುವ ದಿನಗಳಲ್ಲಿ ದಪ್ಪ ಲೆಡ್ಜರುಗಳನ್ನು ಮನೆಗೆ ಹೊತ್ತು ತರುತ್ತಿದ್ದರು. ಒಂದು ಪುಸ್ತಕದಿಂದ ಅವರು ಓದುವುದು, ಇನ್ನೊಂದರಲ್ಲಿ ನಾನು ಪೆನ್ಸಿಲಿನಿಂದ ಟಿಕ್ ಹಾಕುವುದು. ಅಣ್ಣ ಐದು ನಿಮಿಷಕ್ಕೇ ಎದ್ದು ಹೋಗುತ್ತಿದ್ದ. ನನಗೆ ಆ ಕೆಲಸ ಯಾಕೋ ಹಿಡಿಸಿಬಿಟ್ಟಿತ್ತು.

ಎಷ್ಟೋ ಸಲ ಎರಡೂ ಕಡೆಯ ಮೊತ್ತ ತಾಳೆಯಾಗುತ್ತಿರಲಿಲ್ಲ. ಅಪ್ಪ ಸಿಡುಕುತ್ತಿರಲಿಲ್ಲ. ಎಷ್ಟು ವ್ಯತ್ಯಾಸ ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದು ನನ್ನ ಕಡೆ ತಳ್ಳುತ್ತಿದ್ದರು. "ಒಂಬತ್ತರಿಂದ ಭಾಗಿಸಿ ನೋಡು."

ಹಳೆಯ ಲೆಕ್ಕಿಗರಿಗೆಲ್ಲ ಗೊತ್ತಿರುವ ಉಪಾಯ ಇದು. 82 ಅಂತ ಬರೆಯುವ ಕಡೆ ಕೈತಪ್ಪಿ 28 ಅಂತ ಬರೆದರೆ ವ್ಯತ್ಯಾಸ 54. ಒಂಬತ್ತರಿಂದ ಸರಿಯಾಗಿ ಭಾಗವಾಗುತ್ತದೆ. ಯಾವ ಎರಡು ಅಂಕಿ ಅದಲುಬದಲಾದರೂ ಹೀಗೇ. ಹತ್ತರ ಮನೆಯ ಅಂಕಿಗೆ ಹತ್ತು ಪಟ್ಟು ಬೆಲೆ, ಬಿಡಿಯ ಮನೆಯಲ್ಲಿ ಒಂದೇ ಪಟ್ಟು. ಮನೆ ಬದಲಾದರೆ ಒಂಬತ್ತು ಪಟ್ಟಿನ ಏರುಪೇರು. ಇನ್ನೂ ಒಂದು ಸ್ವಾರಸ್ಯ ಇದೆ. 54ನ್ನು ಒಂಬತ್ತರಿಂದ ಭಾಗಿಸಿದರೆ 6. ಎಂಟಕ್ಕೂ ಎರಡಕ್ಕೂ ಇರುವ ಅಂತರವೂ 6. ಅಂದರೆ ತಪ್ಪು ಎಂಥದ್ದು ಅನ್ನುವುದಷ್ಟೇ ಅಲ್ಲ, ಯಾವ ಅಂಕಿಗಳನ್ನು ಹುಡುಕಬೇಕು ಅನ್ನುವ ಸುಳಿವೂ ಸಿಗುತ್ತದೆ.

ಒಂಬತ್ತರಿಂದ ಭಾಗವಾಗದಿದ್ದರೆ ವ್ಯತ್ಯಾಸದ ಅರ್ಧ ಹುಡುಕು ಅನ್ನುತ್ತಿದ್ದರು. ಜಮಾ ಕಡೆ ಹೋಗಬೇಕಾದ ಮೊತ್ತ ಖರ್ಚಿನ ಕಡೆ ಕೂತಿದ್ದರೆ ವ್ಯತ್ಯಾಸ ಎರಡು ಪಟ್ಟಾಗುತ್ತದೆ. ಅದೂ ಅಲ್ಲದಿದ್ದರೆ ಪಟ್ಟಿಯ ನಡುವಿಗೆ ಬೆರಳಿಟ್ಟು, ಅಲ್ಲಿಯವರೆಗಿನ ಮೊತ್ತ ಎರಡೂ ಪುಸ್ತಕದಲ್ಲಿ ಒಂದೇ ಇದೆಯಾ ಅಂತ ನೋಡುವುದು. ಇದ್ದರೆ ತಪ್ಪು ಕೆಳಗಿದೆ, ಇಲ್ಲದಿದ್ದರೆ ಮೇಲಿದೆ. ಹೀಗೆ ಅರ್ಧ ಅರ್ಧ ಮಾಡುತ್ತಾ ಹೋದರೆ 60 ಸಾಲುಗಳಲ್ಲಿ ಅಡಗಿರುವ ಒಂದು ತಪ್ಪು ಆರು ಸಲಕ್ಕೆ ಸಿಗುತ್ತದೆ.

ಕಾಲೇಜಿನಲ್ಲಿ ಬೈನರಿ ಸರ್ಚ್, ಅಂದರೆ ಅರ್ಧ ಅರ್ಧ ಮಾಡುತ್ತಾ ಹುಡುಕುವ ವಿಧಾನದ ಪಾಠ ಬಂದ ದಿನ ನನಗೆ ನಗು ಬಂತು. ಕೆಲಸಕ್ಕೆ ಸೇರಿದ ಮೇಲೆ ಕೋಡಿನಲ್ಲಿ ತಪ್ಪು ಯಾವ ಬದಲಾವಣೆಯಿಂದ ಬಂತು ಅಂತ ಹುಡುಕುವ ಗಿಟ್ ಬೈಸೆಕ್ಟ್ ಅನ್ನುವ ಸಾಧನ ನೋಡಿದಾಗ ಮತ್ತೆ ಅದೇ. 1000 ಕಮಿಟ್ (ದಾಖಲಿಸಿಟ್ಟ ಬದಲಾವಣೆ) ಇದ್ದರೂ ಹತ್ತು ಪರೀಕ್ಷೆಯಲ್ಲಿ ಬಗ್, ಅಂದರೆ ತಪ್ಪು, ತಂದ ಕಮಿಟ್ ಕೈಗೆ ಸಿಗುತ್ತದೆ. ನನಗೆ ಕಾಣಿಸಿದ್ದು ಮಾತ್ರ ಅಪ್ಪನ ಬೆರಳು.

ಮನೆಗೆ ಕಂಪ್ಯೂಟರ್ ಬಂದಾಗ ನನಗೆ 13. ಅದು ಅಣ್ಣನ ಕೋಣೆಗೆ ಹೋಯಿತು. ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ, ತಾನಾಗಿ ಹೋಯಿತು. ನಾನು ಅವನ ಹಿಂದೆ ನಿಂತು ನೋಡುತ್ತಿದ್ದೆ. ನಮ್ಮ ಮನೆಯದಷ್ಟೇ ಕಥೆ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಜೇನ್ ಮಾರ್ಗೋಲಿಸ್ ಮತ್ತು ಅಲನ್ ಫಿಶರ್ 1995ರಿಂದ 1999ರವರೆಗೆ ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಮಾತಾಡಿಸಿದಾಗ ಇಂಥ ಮನೆಗಳ ಕಥೆಯೇ ಹೊರಬಂದಿತ್ತಂತೆ. ಅಲ್ಲಿ ಆಮೇಲೆ, ಮೊದಲೇ ಕೋಡ್ ಬರೆದ ಅನುಭವಕ್ಕೆ ಪ್ರವೇಶದಲ್ಲಿ ಕೊಡುತ್ತಿದ್ದ ತೂಕ ಕಡಿಮೆ ಮಾಡಿದರು. ಅನುಭವಕ್ಕೆ ತಕ್ಕಂತೆ ಬೇರೆ ಬೇರೆ ಆರಂಭದ ತರಗತಿ ಮಾಡಿದರು. ಕಂಪ್ಯೂಟರ್ ಸೈನ್ಸ್ ಸೇರುವ ಹುಡುಗಿಯರ ಪಾಲು 1995ರಲ್ಲಿ 7% ಇದ್ದದ್ದು 2000ಕ್ಕೆ 42% ಆಯಿತು. ಐದು ವರ್ಷದಲ್ಲಿ ಹುಡುಗಿಯರ ಬುದ್ಧಿ ಅಷ್ಟೊಂದು ಬೆಳೆದಿರಲಾರದು, ಅಲ್ವಾ?

ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಂ ಶುರು ಮಾಡಿದ ಲಿನಸ್ ಟೊರ್ವಾಲ್ಡ್ಸ್ ಕಥೆ ಓದಿದಾಗ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಅವರ ತಾತ ಸಂಖ್ಯಾಶಾಸ್ತ್ರದ ಪ್ರೊಫೆಸರ್. ಕಮೋಡೋರ್ ವಿಕ್-20 ಅನ್ನುವ ಮನೆಬಳಕೆಯ ಕಂಪ್ಯೂಟರ್ ಕೊಂಡು, ತಾವು ಕಾಗದದ ಮೇಲೆ ಬರೆದ ಪ್ರೋಗ್ರಾಂಗಳನ್ನು ಮೊಮ್ಮಗನ ಕೈಯಲ್ಲಿ ಟೈಪ್ ಮಾಡಿಸುತ್ತಿದ್ದರಂತೆ. ನೋಡಿ, ಅಲ್ಲೂ ಒಬ್ಬ ಹಿರಿಯ, ಒಂದು ಮಗು, ಅಂಕಿಗಳ ಕೆಲಸ. ನಮ್ಮಲ್ಲಿ ಯಂತ್ರದ ಜಾಗದಲ್ಲಿ ಲೆಡ್ಜರ್ ಇತ್ತು, ಅಷ್ಟೇ.

ಆದರೆ ಅಪ್ಪನಿಂದ ಬಂದದ್ದೆಲ್ಲ ಲಾಭ ಅಂತ ಹೇಳಲಾರೆ. ಲೆಡ್ಜರಿನಲ್ಲಿ ಅಳಿಸುವಂತಿಲ್ಲ. ಶಾಯಿಯಲ್ಲಿ ಬರೆದದ್ದು ತಪ್ಪಾದರೆ, ಓದಲು ಬರುವ ಹಾಗೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆದು, ಸಹಿ ಹಾಕಬೇಕು. ತಪ್ಪು ಅಲ್ಲೇ ಕಾಣುತ್ತಾ ಇರುತ್ತದೆ. ಹಾಗಾಗಿ ನಮ್ಮ ಮನೆಯಲ್ಲಿ ಪೆನ್ನು ಹಿಡಿಯುವ ಮುಂಚೆ ಹತ್ತು ಸಲ ಯೋಚಿಸುತ್ತಿದ್ದೆವು. ಈ ಅಭ್ಯಾಸ ಪ್ರೋಗ್ರಾಮಿಂಗ್‌ನಲ್ಲಿ ನನ್ನ ಕಾಲಿಗೆ ತೊಡರಿತು. ಪಕ್ಕದವರು ಏನೋ ಬರೆದು, ಓಡಿಸಿ, ಎರರ್ ಓದಿ, ತಿದ್ದುತ್ತಿದ್ದರು. ನಾನು ಮೊದಲ ಸಲವೇ ಸರಿ ಇರಬೇಕು ಅಂತ ಖಾಲಿ ಪರದೆ ನೋಡುತ್ತಾ ಕೂರುತ್ತಿದ್ದೆ. ಮೊದಲ ಕೆಲಸದಲ್ಲಿ ಒಂದು ಚಿಕ್ಕ ಬದಲಾವಣೆಯನ್ನು ಮೂರು ದಿನ ಯಾರಿಗೂ ತೋರಿಸದೆ ಇಟ್ಟುಕೊಂಡಿದ್ದೆ. ಅದು ತಪ್ಪೇ ಆಗಿತ್ತು, ಮಾತು ಬೇರೆ.

ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಗ್ರೇಸ್ ಹಾಪರ್ ಏಳನೇ ವಯಸ್ಸಿನಲ್ಲಿ ಅಲಾರಂ ಗಡಿಯಾರ ಹೇಗೆ ನಡೆಯುತ್ತೆ ಅಂತ ಮನೆಯಲ್ಲಿದ್ದ ಏಳು ಗಡಿಯಾರಗಳನ್ನು ಬಿಚ್ಚಿಟ್ಟರಂತೆ. ಅವರ ಅಮ್ಮ, ಇನ್ನು ಮುಂದೆ ಒಂದೇ ಗಡಿಯಾರ ಬಿಚ್ಚಬಹುದು ಅಂದರಂತೆ. ಒಂದನ್ನಾದರೂ ಬಿಟ್ಟುಕೊಟ್ಟರಲ್ಲ! ಮುಂದೆ, ಮನುಷ್ಯರು ಬರೆದ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಮೊದಮೊದಲ ಕಂಪೈಲರ್‌ಗಳಲ್ಲಿ ಒಂದನ್ನು ಬರೆದವರು ಇವರೇ. ನನ್ನ ಮಗಳಿಗೆ ಹಳೆಯ ಕೀಬೋರ್ಡ್ ಮತ್ತು ಸ್ಕ್ರೂಡ್ರೈವರ್ ಕೊಟ್ಟಿದ್ದೇನೆ. ಕೀಲಿಗಳು ಮನೆ ತುಂಬಾ ಬಿದ್ದಿರುತ್ತವೆ. ಕಾಲಿಗೆ ಚುಚ್ಚಿದಾಗ ಬಯ್ಯದೇ ಇರೋದು ಕಷ್ಟ.

ಹೋದ ತಿಂಗಳು ಒಂದು ವರದಿಯ ಮೊತ್ತ ಸರಿ ಬರುತ್ತಿರಲಿಲ್ಲ. ಕೋಡ್ ಎರಡು ದಿನ ಜಾಲಾಡಿದೆ. ಸಂಜೆ ಅಪ್ಪನ ಫೋನ್ ಬಂತು. ದನಿ ಕೇಳಿಯೇ "ಏನಮ್ಮಾ, ತಾಳೆ ಆಗ್ತಿಲ್ವಾ?" ಅಂದರು.

"360 ಜಾಸ್ತಿ ಬರ್ತಿದೆ ಅಪ್ಪ."

ಒಂದು ಕ್ಷಣ ಮೌನ. "40. ನೂರರ ಮನೆ, ಹತ್ತರ ಮನೆ ನೋಡು. ಅಂಕಿಗಳ ನಡುವೆ ನಾಲ್ಕರ ಅಂತರ ಇರುತ್ತೆ."

"ಅಪ್ಪ, ಕಂಪ್ಯೂಟರ್ ಅಂಕಿ ಅದಲುಬದಲು ಮಾಡಲ್ಲ."

"ಅದಕ್ಕೆ ಅಂಕಿ ಕೊಟ್ಟೋರು ಯಾರು?"

ಹೋಲಿಸಿ ನೋಡಲು ನಾನೇ ಕೈಯಾರೆ ಟೈಪ್ ಮಾಡಿದ್ದ ಪಟ್ಟಿಯನ್ನು ತೆಗೆದೆ. 5,841 ಇರಬೇಕಾದ ಕಡೆ 5,481 ಇತ್ತು. ಕೋಡ್ ಮೊದಲಿನಿಂದಲೂ ಸರಿಯಾಗಿಯೇ ಇತ್ತು.