ರಾಜನಿಲ್ಲದ ಕೋಟೆ, ಹಿಮದ ಮೇಲೆ ಪಾಕ

ಟೊರೊಂಟೊದಿಂದ ಹೊರಟು ಮಾಂಟ್ರಿಯಲ್‌ನಲ್ಲಿ ರಾತ್ರಿ ಕಳೆದು ಬೆಳಿಗ್ಗೆ 20ನೇ ಹೆದ್ದಾರಿ ಹಿಡಿದಾಗ ಹೊರಗೆ ಮೈನಸ್ 22. ಕ್ವಿಬೆಕ್ ಸಿಟಿಗೆ ಇನ್ನೂ 250 ಕಿಲೋಮೀಟರ್. ಹಿಂದಿನ ಸೀಟಿನಲ್ಲಿ ಸಾಗರದಿಂದ ಬಂದಿದ್ದ ಅಮ್ಮ: ಎರಡು ಸ್ವೆಟರು, ಒಂದು ಕಂಬಳಿ, ಮಂಕಿ ಟೋಪಿ.

ಗಂಟೆಯೊಳಗೆ ಲಾರಿಗಳು ಎರಚಿದ ಉಪ್ಪುನೀರು ಒಣಗಿ ಮುಂದಿನ ಗಾಜಿಗೆ ಸುಣ್ಣ ಬಳಿದಂತಾಯಿತು. ಗಾಜು ತೊಳೆಯುವ ಗುಂಡಿ ಒತ್ತಿದರೆ ಒಂದು ಹನಿಯೂ ಇಲ್ಲ. ಬೇಸಿಗೆಯಲ್ಲಿ ತುಂಬಿಸಿದ್ದ ದ್ರವವನ್ನು ಬದಲಿಸಲು ಮರೆತಿದ್ದೆ, ಒಳಗೇ ಹೆಪ್ಪುಗಟ್ಟಿತ್ತು. ಬಗ್ಗಿ, ಗಾಜಿನ ಮೂಲೆಯ ಅಂಗೈಯಗಲದ ಕಿಂಡಿಯಲ್ಲಿ ರಸ್ತೆ ನೋಡುತ್ತ ಹೇಗೋ ಒಂದು ಪೆಟ್ರೋಲ್ ಬಂಕ್ ಸೇರಿದೆ. ನನ್ನ ಫ್ರೆಂಚ್ 'ಬೊಂಜೂರ್'ಗೇ ಮುಗಿಯುತ್ತದೆ. ಗಾಜಿನ ಕಡೆ ಕೈತೋರಿಸಿದೆ. ಅಲ್ಲಿದ್ದಾತ ನಕ್ಕು, ಮೈನಸ್ 40 ಎಂದು ಬರೆದಿದ್ದ ಕ್ಯಾನ್ ಎತ್ತಿಕೊಟ್ಟ. ಕೊಂಡರೇನು, ಒಳಗಿನದು ಕರಗಬೇಕಲ್ಲ! ಸಿಕ್ಕ ಸಿಕ್ಕ ಬಂಕಿನಲ್ಲಿ ಇಳಿದು ಅದನ್ನೇ ಗಾಜಿಗೆ ಸುರಿದು ಒರೆಸುತ್ತ ಹೋದೆ.

ಮುಂದಿನ ಕಾರುಗಳ ನಂಬರ್ ಪ್ಲೇಟಿನಲ್ಲೆಲ್ಲ ಒಂದೇ ಸಾಲು, 'ಝ ಮ ಸುವಿಯೆಂ'. ನನಗೆ ನೆನಪಿದೆ ಅಂತ ಅರ್ಥ. "ಏನು ನೆನಪಿದೆಯಂತೆ?" ಅಂದಳು ಅಮ್ಮ. 1608ರಲ್ಲಿ ಶಾಂಪ್ಲೇನ್ ಎಂಬ ಫ್ರೆಂಚ್ ಅನ್ವೇಷಕ ಈ ಊರು ಕಟ್ಟಿದ್ದು, 1759ರಲ್ಲಿ ಇಂಗ್ಲಿಷರು ಅದನ್ನು ಫ್ರೆಂಚರಿಂದ ಗೆದ್ದದ್ದು, ಆ ಕದನದಲ್ಲಿ ಎರಡೂ ಕಡೆಯ ಸೇನಾಪತಿಗಳು ಸತ್ತದ್ದು ಎಲ್ಲ ಹೇಳಿದೆ. ಅಷ್ಟರಲ್ಲಿ ಅವಳಿಗೆ ನಿದ್ದೆ.

ಊರು ಸೇರಿದ ಮೇಲೆ ಗುಡ್ಡದ ತುದಿಯಲ್ಲಿ ಕೋಟೆಯಂತೆ ಕಾಣುವ ಶಾತೋ ಫ್ರಾಂಟೆನಾಕ್ ನೋಡಿ ಅಮ್ಮ ಕೇಳಿದಳು, "ಇಲ್ಲಿ ಯಾವ ರಾಜ ಇದ್ದ?"

"ರಾಜ ಇರಲಿಲ್ಲಮ್ಮ. 1893ರಿಂದಲೂ ಹೋಟೆಲ್ಲೇ."

ಅವಳಿಗೆ ಮೋಸವಾದಂತೆ ಅನಿಸಿತು. ಹಳೆಯ ಊರಿನ ಸುತ್ತ ಇಂದಿಗೂ ನಿಂತಿರುವ ಕೋಟೆಗೋಡೆ ತೋರಿಸಿ ಸಮಾಧಾನ ಮಾಡಿದೆ.

ಮರುದಿನ ಮೊಂಮೊರೆನ್ಸಿ ಜಲಪಾತ. 83 ಮೀಟರ್, ನಯಾಗರಕ್ಕಿಂತ ಎತ್ತರ ಎಂದು ನಾನು ಜಂಬದಿಂದ ಹೇಳಿದರೆ, "ನಮ್ಮ ಜೋಗದ ಮೂರನೇ ಒಂದು ಪಾಲೂ ಇಲ್ಲ" ಅಂದುಬಿಟ್ಟಳು. ಲೆಕ್ಕ ಸರಿಯೇ, ಜೋಗ 253. ಆದರೆ ಕೆಳಗೆ ನೀರಿನ ತುಂತುರು ಬಿದ್ದು ಬಿದ್ದು ಹೆಪ್ಪುಗಟ್ಟಿದ ಬಿಳಿಯ ಗೋಪುರ ಕಂಡು ಸುಮ್ಮನಾದಳು. ಇಲ್ಲಿಯವರು ಅದನ್ನು ಸಕ್ಕರೆ ಅಚ್ಚು ಎಂದೇ ಕರೆಯುತ್ತಾರೆ.

ಸಂಜೆ ಹಳೆಯ ಊರಿನ ಬೀದಿಯಲ್ಲೊಬ್ಬ ಮರದ ತೊಟ್ಟಿಯಲ್ಲಿ ಹಿಮ ತುಂಬಿ, ಅದರ ಮೇಲೆ ಕುದಿಯುವ ಮೇಪಲ್ ಪಾಕ ಗೆರೆ ಗೆರೆಯಾಗಿ ಸುರಿಯುತ್ತಿದ್ದ. ಗಟ್ಟಿಯಾಗುತ್ತಿದ್ದಂತೆ ಕಡ್ಡಿಗೆ ಸುತ್ತಿಕೊಡುವುದು. ಒಂದು ಲೀಟರ್ ಸಿರಪ್ಪಿಗೆ ಸುಮಾರು 40 ಲೀಟರ್ ಮರದ ರಸ ಬೇಕು ಎಂದಾಗ ಅಮ್ಮನ ಮುಖ ಅರಳಿತು. ಆಲೆಮನೆ ನೋಡುತ್ತ ಬೆಳೆದವಳಲ್ಲವೇ. ಬಾಯಿಗಿಟ್ಟು, ಕಣ್ಣುಮುಚ್ಚಿ, ಪರೀಕ್ಷೆ ಮುಗಿಸಿ ಅವನಿಗೇ ಕನ್ನಡದಲ್ಲಿ ಹೇಳಿದಳು: "ರುಚಿ ಉಂಟು. ಪಾಕ ಸ್ವಲ್ಪ ಹೆಚ್ಚಾಯ್ತು ಮಾರಾಯ, ಇನ್ನೂ ಎಳೆಯದಿದ್ದಾಗ ಇಳಿಸಬೇಕು."

ಅವನು ಫ್ರೆಂಚಿನಲ್ಲಿ ಏನೋ ಹೇಳಿ, ನಗುತ್ತ ಇನ್ನೊಂದು ಕಡ್ಡಿ ಸುತ್ತಿಕೊಟ್ಟ. ದುಡ್ಡು ಎರಡಕ್ಕೂ ತೆಗೆದುಕೊಂಡ.