ವರ್ಜೀನಿಯಾದ ಹಳ್ಳಿ ಕೌಂಟಿಯಲ್ಲಿ ಮನೆ ಪರ್ಮಿಟ್: ಮೊದಲು ಮಣ್ಣು, ಆಮೇಲೆ ಪ್ಲಾನ್

ಫೇರ್‌ಫ್ಯಾಕ್ಸ್, ಲೌಡನ್ ಕಡೆ ಕೆಲಸದಲ್ಲಿದ್ದು ಫಾಕಿಯರ್, ಕಲ್ಪೆಪರ್, ಮ್ಯಾಡಿಸನ್ ಕೌಂಟಿಗಳಲ್ಲಿ ಐದೋ ಹತ್ತೋ ಎಕರೆ ಕೊಂಡು ಮನೆ ಕಟ್ಟಬೇಕೆಂದಿರುವವರು ಸಾಮಾನ್ಯವಾಗಿ ಮೊದಲು ಹುಡುಕುವುದು ಆರ್ಕಿಟೆಕ್ಟ್‌ರನ್ನು. ಕ್ರಮ ತಪ್ಪುವುದು ಅಲ್ಲೇ. ಕೌಂಟಿಯ ಒಳಚರಂಡಿಯೂ ನಲ್ಲಿ ನೀರೂ ಬಾರದ ಜಾಗದಲ್ಲಿ ಎಷ್ಟು ಬೆಡ್‌ರೂಮಿನ ಮನೆ ಕಟ್ಟಬಹುದೆಂದು ತೀರ್ಮಾನಿಸುವುದು ಅಲ್ಲಿಯ ಮಣ್ಣು. ಮಣ್ಣಿನ ವರದಿ ಕೈಗೆ ಬರುವವರೆಗೆ ಪ್ಲಾನಿಗೆ ದುಡ್ಡು ಹಾಕಬೇಡಿ. ಇನ್ನೂ ಜಾಗ ಕೊಂಡಿಲ್ಲ ಎಂದಾದರೆ, ಸೆಪ್ಟಿಕ್ (ಮನೆಯ ಕೊಳಚೆ ನೀರನ್ನು ಅಲ್ಲೇ ನೆಲಕ್ಕೆ ಇಂಗಿಸುವ ವ್ಯವಸ್ಥೆ) ಅನುಮತಿ ಸಿಕ್ಕರೆ ಮಾತ್ರ ಖರೀದಿ ಎಂಬ ಷರತ್ತನ್ನು ಕರಾರಿನಲ್ಲೇ ಬರೆಸಿ. ಬೆಡ್‌ರೂಮಿನ ಸಂಖ್ಯೆಯನ್ನೂ ಅದರಲ್ಲಿ ಹಾಕಿಸಿ.

ನಮ್ಮೂರಲ್ಲಿ ಕೃಷಿ ಜಮೀನಿನಲ್ಲಿ ಮನೆ ಅಂದರೆ ಮೊದಲು ನೆನಪಾಗುವುದು ಭೂಪರಿವರ್ತನೆ. ಇಲ್ಲಿ ಕೃಷಿ ಝೋನಿನಲ್ಲೂ ಒಂದು ಮನೆಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಝೋನಿಂಗ್ ಆಫೀಸಿನಲ್ಲಿ ಕೇಳಬೇಕಾದ್ದು ಬೇರೆ: ಈ ತುಂಡು ಕಾನೂನುಬದ್ಧವಾಗಿ ವಿಂಗಡಣೆಯಾಗಿ ದಾಖಲಾಗಿದೆಯೇ, ರಸ್ತೆಯಿಂದ ಮತ್ತು ಪಕ್ಕದ ಗಡಿಗಳಿಂದ ಎಷ್ಟು ಅಡಿ ಬಿಡಬೇಕು, ಫೆಮಾದ (ಕೇಂದ್ರದ ವಿಪತ್ತು ನಿರ್ವಹಣಾ ಸಂಸ್ಥೆ) ನಕ್ಷೆಯ ಪ್ರವಾಹ ವಲಯದಲ್ಲಿ ಜಾಗ ಬರುತ್ತದೆಯೇ. ಬೇರೆಯವರ ಜಮೀನು ದಾಟಿ ಹೋಗಬೇಕಾದ ಜಾಗವಾದರೆ ದಾರಿಯ ಹಕ್ಕು ಬರಹದಲ್ಲಿ ದಾಖಲಾಗಿರಬೇಕು. ಬಾಯಿಮಾತಿನ ದಾರಿಯನ್ನು ಕೌಂಟಿಯೂ ಬ್ಯಾಂಕೂ ಒಪ್ಪುವುದಿಲ್ಲ. ತೆರಿಗೆ ಕಚೇರಿಗೂ ಒಂದು ಫೋನ್ ಮಾಡಿ. ಜಮೀನು ಕೃಷಿ ಅಥವಾ ಅರಣ್ಯ ಬಳಕೆಯ ರಿಯಾಯಿತಿ ತೆರಿಗೆಯಲ್ಲಿದ್ದರೆ, ಮನೆಗೆಂದು ತೆಗೆದ ಭಾಗಕ್ಕೆ ಹಿಂದಿನ ಐದು ವರ್ಷಗಳ ವ್ಯತ್ಯಾಸವನ್ನು ಬಡ್ಡಿ ಸಮೇತ ಕಟ್ಟಬೇಕಾಗುತ್ತದೆ.

ಇನ್ನು ಮಣ್ಣಿನ ವಿಷಯ. ಗುಂಡಿಗೆ ನೀರು ಸುರಿದು ಎಷ್ಟು ಹೊತ್ತಿಗೆ ಇಂಗುತ್ತದೆ ಎಂದು ಅಳೆಯುವ ಪರ್ಕ್ ಟೆಸ್ಟ್ ಬಗ್ಗೆ ಎಲ್ಲರೂ ಕೇಳಿರುತ್ತಾರೆ. ವರ್ಜೀನಿಯಾದಲ್ಲಿ ಅದಕ್ಕಿಂತ ಮುಖ್ಯವಾದದ್ದು ಮಣ್ಣಿನ ಪದರಗಳ ಪರೀಕ್ಷೆ. ರಾಜ್ಯದ ಪರವಾನಗಿ ಇರುವ ಮಣ್ಣು ತಜ್ಞರು ಡ್ರೈನ್‌ಫೀಲ್ಡ್ (ಸೆಪ್ಟಿಕ್ ನೀರು ನೆಲಕ್ಕೆ ಇಂಗುವ ಭಾಗ) ಬರುವ ಜಾಗದಲ್ಲಿ ಕನಿಷ್ಠ ಐದು ಕಡೆ ಕೈ ಆಗರ್‌ನಿಂದ ಕೊರೆಯುತ್ತಾರೆ, ಇಲ್ಲವೇ ಬ್ಯಾಕ್‌ಹೋದಿಂದ ಗುಂಡಿ ತೋಡಿಸುತ್ತಾರೆ. ಮೇಲೆ ಬಂದ ಮಣ್ಣನ್ನು ಒದ್ದೆ ಮಾಡಿ ಹೆಬ್ಬೆರಳಲ್ಲಿ ಒತ್ತಿ ರಿಬ್ಬನ್ನಿನಂತೆ ಎಳೆದು ಜೇಡಿಯ ಪ್ರಮಾಣ ನೋಡುತ್ತಾರೆ, ಬಣ್ಣದ ಪಟ್ಟಿಯ ಜೊತೆ ಹೋಲಿಸುತ್ತಾರೆ. ಏಕರೂಪದ ಕೆಂಪು, ಕಂದು ಬಣ್ಣ ಒಳ್ಳೆಯ ಲಕ್ಷಣ. ನಡುವೆ ಬೂದು ಬಣ್ಣದ ಮಚ್ಚೆಗಳು ಕಂಡರೆ ವರ್ಷದ ಕೆಲವು ತಿಂಗಳು ನೀರು ಆ ಮಟ್ಟಕ್ಕೆ ಏರಿ ನಿಲ್ಲುತ್ತದೆ ಎಂದರ್ಥ. ಆಗಸ್ಟ್ ತಿಂಗಳ ಒಣ ಗುಂಡಿಯಲ್ಲೂ ಫೆಬ್ರವರಿಯ ನೀರಿನ ಗುರುತು ಹೀಗೆ ಸಿಗುತ್ತದೆ. ಹಾಗಾಗಿ ‘ಬೇಸಿಗೆಯಲ್ಲಿ ನೋಡಿದೆವು, ಒಣಗಿತ್ತು’ ಎಂಬ ಮಾತಿಗೆ ಬೆಲೆಯಿಲ್ಲ.

ಲೌಡನ್‌ನಿಂದ ಕಲ್ಪೆಪರ್‌ವರೆಗೆ ಹಾದುಹೋಗುವ ಟ್ರಯಾಸಿಕ್ ಬೇಸಿನ್ ಎಂಬ ಹಳೆಯ ಶಿಲಾ ತಗ್ಗಿನ ಜಾಗಗಳಲ್ಲಿ ವಿಶೇಷ ಎಚ್ಚರ ಬೇಕು. ಅಲ್ಲಿ ಹಲವೆಡೆ ನೀರಿಗೆ ಉಬ್ಬಿ, ಒಣಗಿದಾಗ ಬಿರಿಯುವ ಜೇಡಿಮಣ್ಣಿದೆ. ಅದರಲ್ಲಿ ಸೆಪ್ಟಿಕ್ ನೀರು ಇಂಗುವುದಿಲ್ಲ. ಸಾಲದ್ದಕ್ಕೆ ಮನೆಯ ಫೂಟಿಂಗಿಗೂ (ಅಡಿಪಾಯದ ತಳ) ಎಂಜಿನಿಯರ್ ವಿನ್ಯಾಸ ಬೇಕಾಗುತ್ತದೆ.

ಸೆಪ್ಟಿಕ್ ಲೆಕ್ಕ ನಡೆಯುವುದು ಬೆಡ್‌ರೂಮಿನ ಮೇಲೆ, ಒಂದಕ್ಕೆ ದಿನಕ್ಕೆ 150 ಗ್ಯಾಲನ್ ಕೊಳಚೆ ನೀರು. ಮೂರು ಬೆಡ್‌ರೂಮಿಗೆ 450, ನಾಲ್ಕಕ್ಕೆ 600. ಅರ್ಜಿಗಳು ವಾಪಸ್ ಬರುವುದಕ್ಕೆ ದೊಡ್ಡ ಕಾರಣ ಇದೇ: ಸೆಪ್ಟಿಕ್ ಅನುಮತಿ ಮೂರಕ್ಕೆ, ಪ್ಲಾನಿನಲ್ಲಿ ಮೂರು ಬೆಡ್‌ರೂಮ್ ಜೊತೆಗೆ ಕ್ಲಾಸೆಟ್ ಇರುವ ‘ಆಫೀಸ್’ ಒಂದು, ಬೇಸ್‌ಮೆಂಟಿನಲ್ಲಿ ದೊಡ್ಡ ಕಿಟಕಿಯ ‘ಹಾಬಿ ರೂಮ್’ ಇನ್ನೊಂದು. ಹೆಸರು ಏನೇ ಇರಲಿ, ಮಲಗಲು ಬರುವ ಕೋಣೆಯನ್ನು ಪರಿಶೀಲಕರು ಬೆಡ್‌ರೂಮ್ ಎಂದೇ ಎಣಿಸುತ್ತಾರೆ. ಅಪ್ಪ ಅಮ್ಮ ಊರಿಂದ ಬಂದು ಆರು ತಿಂಗಳು ಇರುವ ಮನೆಯಾದರೆ ಆ ಕೋಣೆಯನ್ನು ಮೊದಲೇ ಲೆಕ್ಕಕ್ಕೆ ಸೇರಿಸಿ ಮಣ್ಣು ಪರೀಕ್ಷೆ ಮಾಡಿಸುವುದೇ ಸರಿ.

ಆರೋಗ್ಯ ಇಲಾಖೆ ಕೊಡುವ ಸೆಪ್ಟಿಕ್ ನಿರ್ಮಾಣ ಪರ್ಮಿಟ್ ಊರ್ಜಿತವಾಗಿರುವುದು 18 ತಿಂಗಳು. ಅದು ಕೈಗೆ ಬಂದ ದಿನವೇ ಡ್ರೈನ್‌ಫೀಲ್ಡಿನ ಜಾಗಕ್ಕೂ ಮುಂದೆ ಅದು ಕೆಟ್ಟರೆ ಬಳಸಲು ಮೀಸಲು ಜಾಗ ತೋರಿಸಿದ್ದರೆ ಅದಕ್ಕೂ ಗೂಟ ನೆಟ್ಟು, ರಿಬ್ಬನ್ ಕಟ್ಟಿ, ಬೇಲಿ ಹಾಕಿ. ಮರ ಕಡಿಯಲು ಬಂದ ಬುಲ್ಡೋಜರ್ ಒಂದು ಸಲ ಅಲ್ಲಿ ಓಡಾಡಿದರೆ, ಮೇಲ್ಮಣ್ಣು ಕೆರೆದರೆ, ಮಣ್ಣು ಒತ್ತಿ ಗಟ್ಟಿಯಾಗಿ ಪರೀಕ್ಷೆ ಮಾಡಿದ ಮಣ್ಣೇ ಅಲ್ಲಿ ಉಳಿಯುವುದಿಲ್ಲ. ಪರ್ಮಿಟ್ ರದ್ದಾಗಬಹುದು. ಜಾಗ ಚಿಕ್ಕದಾಗಿದ್ದರೆ ಬೇರೆ ಕಡೆ ಡ್ರೈನ್‌ಫೀಲ್ಡಿಗೆ ಅವಕಾಶವೇ ಇರುವುದಿಲ್ಲ.

ಬಾವಿಯ ಅರ್ಜಿಯನ್ನೂ ಇದರ ಜೊತೆಗೇ ಹಾಕಿ. ಕೇಸಿಂಗ್ (ಬಾವಿಯೊಳಗಿನ ಪೈಪು) ಮತ್ತು ಗ್ರೌಟ್ (ಅದರ ಸುತ್ತ ತುಂಬುವ ಸಿಮೆಂಟು) 50 ಅಡಿ ಇಳಿದ ಬಾವಿ ಡ್ರೈನ್‌ಫೀಲ್ಡಿನಿಂದ 50 ಅಡಿ ದೂರವಿರಬೇಕು, ಅದಕ್ಕಿಂತ ಕಡಿಮೆ ಆಳಕ್ಕೆ ಗ್ರೌಟ್ ಮಾಡಿದ್ದಕ್ಕೆ ಸಾಮಾನ್ಯವಾಗಿ 100 ಅಡಿ. ಗೆದ್ದಲು ಔಷಧ ಹೊಡೆದ ಅಡಿಪಾಯದಿಂದಲೂ ಸಾಮಾನ್ಯವಾಗಿ 50 ಅಡಿ ಬಿಡಬೇಕು. ಪಕ್ಕದವರ ಡ್ರೈನ್‌ಫೀಲ್ಡ್ ಕೂಡ ಈ ಲೆಕ್ಕಕ್ಕೆ ಬರುತ್ತದೆ, ಇದನ್ನು ಮರೆಯುವವರೇ ಹೆಚ್ಚು.

ವರ್ಜೀನಿಯಾದಲ್ಲಿ ಬಹುತೇಕ ಕೌಂಟಿಗಳ ಸಣ್ಣ ರಸ್ತೆಗಳೂ ರಾಜ್ಯದ ಸಾರಿಗೆ ಇಲಾಖೆಯವೇ. ಆದ್ದರಿಂದ ರಸ್ತೆಯಿಂದ ಜಾಗಕ್ಕೆ ಇಳಿಯುವ ದಾರಿಗೆ ಆ ಇಲಾಖೆಯ (ವಿಡಾಟ್) ಪರ್ಮಿಟ್ ಬೇಕು. ಚರಂಡಿಗೆ ಹಾಕುವ ಪೈಪಿನ ಅಳತೆಯನ್ನು ಅವರೇ ಹೇಳುತ್ತಾರೆ. 10,000 ಚದರಡಿ ಅಥವಾ ಹೆಚ್ಚು ನೆಲ ಕೆದಕಿದರೆ ಮಣ್ಣು ಕೊಚ್ಚಿಹೋಗದಂತೆ ತಡೆಯುವ ಯೋಜನೆಯೂ ಬೇಕು. ಚೆಸಾಪೀಕ್ ಕೊಲ್ಲಿ ಸಂರಕ್ಷಣಾ ಪ್ರದೇಶದಲ್ಲಿ ಈ ಮಿತಿ 2,500 ಚದರಡಿ. ಒಂಟಿ ಮನೆಗೆ ಅನೇಕ ಕೌಂಟಿಗಳು ಪೂರ್ತಿ ಯೋಜನೆಯ ಬದಲು ಒಂದು ಒಪ್ಪಂದ ಪತ್ರ ಸಹಿ ಮಾಡಿಸಿಕೊಳ್ಳುತ್ತವೆ. ಕೇಳಿ ನೋಡಿ.

ಇಷ್ಟಾದ ಮೇಲೆ ಬಿಲ್ಡಿಂಗ್ ಆಫೀಸ್. ಇಡೀ ರಾಜ್ಯಕ್ಕೆ ಒಂದೇ ಕಟ್ಟಡ ಸಂಹಿತೆ. ಅದರ 2021ರ ಆವೃತ್ತಿ ಜಾರಿಗೆ ಬಂದದ್ದು 2024ರ ಜನವರಿ 18ರಂದು. ಇಂಟರ್ನೆಟ್ಟಿನಲ್ಲಿ ಕೊಂಡ ರೆಡಿ ಪ್ಲಾನ್ ಎಡವುವುದು ಇಲ್ಲಿ. ಅದರಲ್ಲಿ ಕೋಣೆಗಳ ಅಳತೆ ಚೆನ್ನಾಗಿರುತ್ತದೆ, ಆದರೆ ಗಾಳಿಯ ಒತ್ತಡಕ್ಕೆ ಗೋಡೆ ಓರೆಯಾಗದಂತೆ ಯಾವ ಗೋಡೆಗೆ ಎಷ್ಟು ಉದ್ದದ ಮರದ ಹಾಳೆ, ಎಷ್ಟು ಅಂತರಕ್ಕೆ ಮೊಳೆ ಎಂಬ ಬ್ರೇಸಿಂಗ್ ನಕ್ಷೆ ಇರುವುದಿಲ್ಲ. ಗ್ಯಾರೇಜ್ ಬಾಗಿಲಿನ ಎರಡು ಪಕ್ಕದ ಕಿರಿದಾದ ಗೋಡೆ, ಹಿಂಬದಿಯ ತುಂಬ ಕಿಟಕಿಯ ಗೋಡೆ, ಇವೆರಡಕ್ಕೆ ಪ್ರಶ್ನೆ ಬಂದೇ ಬರುತ್ತದೆ. ಆ ಕೌಂಟಿಯ ಹಿಮದ ಭಾರ, ಚಳಿಗೆ ನೆಲ ಹೆಪ್ಪುಗಟ್ಟುವ ಫ್ರಾಸ್ಟ್ ಆಳಕ್ಕೆ ತಕ್ಕ ಫೂಟಿಂಗ್ (ಉತ್ತರ ಪೀಡ್ಮಾಂಟಿನಲ್ಲಿ ಸಾಮಾನ್ಯವಾಗಿ 24 ಇಂಚು), ಛಾವಣಿಯ ಟ್ರಸ್ ನಕ್ಷೆ, ಡೆಕ್‌ನ ವಿವರ, ಎಸಿ-ಹೀಟಿಂಗ್ ಲೆಕ್ಕ ಎಲ್ಲವನ್ನೂ ಒಟ್ಟಿಗೇ ಕೊಡಿ. ಸೈಟ್ ಪ್ಲಾನಿನಲ್ಲಿ ಮನೆ, ಬಾವಿ, ಡ್ರೈನ್‌ಫೀಲ್ಡ್ ಇರುವ ಜಾಗಕ್ಕೂ ಆರೋಗ್ಯ ಇಲಾಖೆಯ ನಕ್ಷೆಗೂ ತಾಳೆಯಾಗಬೇಕು. ಆರ್ಕಿಟೆಕ್ಟ್ ಮನೆಯನ್ನು ಹತ್ತು ಅಡಿ ಸರಿಸಿ ಸೆಪ್ಟಿಕ್‌ನವರಿಗೆ ಹೇಳದಿದ್ದರೆ ಎರಡೂ ಕಡೆ ಕಡತ ನಿಲ್ಲುತ್ತದೆ.

ಕಂಟ್ರಾಕ್ಟರ್ ಇಲ್ಲದೆ ನೀವೇ ಕಟ್ಟಿಸುವುದಾದರೆ ಮಾಲೀಕರ ಅಫಿಡವಿಟ್ ಕೊಡಬೇಕು. ಆಗ ಪರ್ಮಿಟ್ಟಿನ ಹೊಣೆಯೆಲ್ಲ ನಿಮ್ಮದೇ. ಕಂಟ್ರಾಕ್ಟರ್ ಇದ್ದರೆ ಅವರ ಲೈಸೆನ್ಸನ್ನು ರಾಜ್ಯದ ವೃತ್ತಿ ಪರವಾನಗಿ ಇಲಾಖೆಯ (ಡಿಪೋರ್) ಜಾಲತಾಣದಲ್ಲಿ ನೋಡಿ. ಅರ್ಜಿಯಲ್ಲಿ ‘ಮೆಕ್ಯಾನಿಕ್ಸ್ ಲೀನ್ ಏಜೆಂಟ್’ (ಬಾಕಿಗಾಗಿ ಮನೆಯ ಮೇಲೆ ಹಕ್ಕು ಹೂಡಬಹುದಾದವರ ನೋಟಿಸ್ ಪಡೆಯುವವರು) ಎಂಬ ಖಾಲಿ ಜಾಗವಿರುತ್ತದೆ, ಅದನ್ನು ಹಾಗೇ ಬಿಡಬೇಡಿ. ವಕೀಲರನ್ನೋ ಟೈಟಲ್ ಕಂಪನಿಯನ್ನೋ ನೇಮಿಸಿದರೆ ಉಪಗುತ್ತಿಗೆದಾರರು, ಸಾಮಾನು ಕೊಟ್ಟವರು ತಮ್ಮ ಕೆಲಸ ಅಥವಾ ಸರಬರಾಜು ಶುರುವಾದ 30 ದಿನದೊಳಗೆ ಆ ಏಜೆಂಟರಿಗೆ ನೋಟಿಸ್ ಕೊಡಬೇಕು. ಯಾರಿಗೆ ಬಾಕಿ ಇರಬಹುದು ಎಂಬುದು ಮನೆಯ ಮೇಲೆ ಕ್ಲೇಮ್ ಬೀಳುವ ಮೊದಲೇ ನಿಮಗೆ ತಿಳಿಯುತ್ತದೆ.

ಪರ್ಮಿಟ್ ಬಂದು ಆರು ತಿಂಗಳಲ್ಲಿ ಕೆಲಸ ಶುರುವಾಗದಿದ್ದರೆ, ಅಥವಾ ನಡುವೆ ಆರು ತಿಂಗಳು ನಿಂತರೆ, ಕೌಂಟಿ ಅದನ್ನು ರದ್ದು ಮಾಡಬಹುದು. ನೆಲದಡಿಯ ಪೈಪು, ತಂತಿಗಳ ಗುರುತು ಹಾಕಿಸಲು ಅಗೆಯುವ ಮೂರು ಕೆಲಸದ ದಿನ ಮೊದಲು 811ಕ್ಕೆ ಕರೆ ಮಾಡಿ. ಫೂಟಿಂಗ್ ಗುಂಡಿಯನ್ನು ಇನ್‌ಸ್ಪೆಕ್ಟರ್ ನೋಡುವ ಮುನ್ನ ಕಾಂಕ್ರೀಟ್ ಲಾರಿ ಕರೆಸಬೇಡಿ. ರಾತ್ರಿ ಮಳೆ ಬಂದು ತಳ ಕೆಸರಾಗಿದ್ದರೆ ಆ ಕೆಸರು ತೆಗೆದು ಗಟ್ಟಿ ನೆಲ ಕಾಣುವವರೆಗೆ ಅವರು ಒಪ್ಪುವುದಿಲ್ಲ, ಒಪ್ಪಲೂಬಾರದು. ಗೋಡೆಯೊಳಗಿನ ವೈರಿಂಗ್, ಪ್ಲಂಬಿಂಗ್, ಡಕ್ಟ್ ಮತ್ತು ಫ್ರೇಮಿಂಗ್ ಪಾಸಾಗುವವರೆಗೆ ಇನ್ಸುಲೇಷನ್ ಹಾಕಬೇಡಿ.

ಕೊನೆಯಲ್ಲಿ ಆಕ್ಯುಪೆನ್ಸಿ ಸರ್ಟಿಫಿಕೇಟ್‌ಗೆ (ವಾಸಕ್ಕೆ ಅನುಮತಿ) ಮನೆಯ ಫೈನಲ್ ಇನ್‌ಸ್ಪೆಕ್ಷನ್ ಪಾಸಾದರೆ ಮಾತ್ರ ಸಾಲದು. ಸೆಪ್ಟಿಕ್ ಆಪರೇಷನ್ ಪರ್ಮಿಟ್ ಮತ್ತು ಬಾವಿ ನೀರಿನ ಕೋಲಿಫಾರ್ಮ್ (ಬ್ಯಾಕ್ಟೀರಿಯಾ) ಪರೀಕ್ಷೆಯ ಫಲಿತಾಂಶವೂ ಬೇಕು. ಹೊಸ ಬಾವಿಗೆ ಕ್ಲೋರಿನ್ ಹಾಕಿ ಪೂರ್ತಿ ಹರಿಸಿ ತೆಗೆದ ಮೇಲೆ ಮಾದರಿ ಕೊಡಿ. ಈ ಪರೀಕ್ಷೆಯನ್ನು ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ, ಫೇಲಾದರೆ ಮತ್ತೆ ಕ್ಲೋರಿನ್, ಮತ್ತೆ ಮಾದರಿ, ಅಷ್ಟರಲ್ಲಿ ಬ್ಯಾಂಕು ಕಾಯ್ದಿಟ್ಟ ಬಡ್ಡಿ ದರದ ಗಡುವು ಮುಗಿದಿರುತ್ತದೆ.